ರಾಟೆಯ ಹಗ್ಗ

ಬೋಗಾದಿ, ಮೈಸೂರು
ಗುರುವಾರ, 2-12-2004

ವಿಶ್ವನ ಅಪ್ಪಾಜಿಯವರಿಗೆ ಪಾರ್ವತಮ್ಮ ಮಾಡುವ ಶರಣು.

ನಿಮ್ಮ ಆರೋಗ್ಯ ಹೇಗಿದೆ? ಮಠದ ದಾಸೋಹದಲ್ಲಿ ಒಲೆ ಮುಂದೆ ನಿಲ್ಲುತ್ತೀರಿ ಅಂತ ಅಯ್ಯನವರು ಈ ಕಡೆ ಬಂದಾಗ ಹೇಳಿದರು. ಹೊಗೆ ನಿಮಗೆ ಆಗುವುದಿಲ್ಲ. ಉಬ್ಬಸ ಎದ್ದರೆ ಅಲ್ಲಿ ಬೆನ್ನು ನೀವುವವರು ಯಾರು? ತರಕಾರಿ ಹೆಚ್ಚುವ ಕೆಲಸ ಕೇಳಿ ತೆಗೆದುಕೊಳ್ಳಿ. ಕಂಬಳಿ ಇಲ್ಲೇ ಬಿಟ್ಟು ಹೋಗಿದ್ದೀರಿ, ಒಗೆದು ಮಡಿಸಿ ಇಟ್ಟಿದ್ದೇನೆ. ನಾನು ಶಿವನ ದಯೆಯಿಂದ ಓಡಾಡಿಕೊಂಡಿದ್ದೇನೆ, ಮಂಡಿ ನೋವು ಇದ್ದದ್ದೇ.

ವಿಶ್ವ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ನೀವು ಹೊರಟುಹೋದ ದಿನ ಡಾಕ್ಟರು ಎರಡು ಬೆರಳಾದರೂ ಉಳಿಯಬಹುದು ಅಂದಿದ್ದರಲ್ಲ, ಉಳಿಯಲಿಲ್ಲ. ಎಡಗೈ ಮಣಿಕಟ್ಟಿನಿಂದ ಆಚೆ ಏನೂ ಇಲ್ಲ. ಇದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ತಿಳಿಯಲಿ ಅಂತ ಬರೆಯುತ್ತಿದ್ದೇನೆ. ಗಾಯ ಮಾಗಿದೆ. ಅನ್ನ ತಾನೇ ಕಲಸಿಕೊಂಡು ತಿನ್ನುತ್ತಾನೆ. ಅಂಗಿ ಗುಂಡಿ ಮಾತ್ರ ನಾನು ಹಾಕಬೇಕು, ಆಗ ಗೋಡೆ ಕಡೆ ಮುಖ ತಿರುಗಿಸಿಕೊಳ್ಳುತ್ತಾನೆ.

ಮೆಷಿನ್ನು ಶೆಡ್ಡಿನಲ್ಲಿ ನೀವು ಬಿಟ್ಟ ಹಾಗೇ ಇದೆ. ನಿಮ್ಮ ಕಾರ್ಖಾನೆ ಮುಚ್ಚಿದ ಮೇಲೆ ಗುಜರಿಯಿಂದ ಎತ್ತಿಕೊಂಡು ಬಂದ ಲೇತಿನ ಮೈ, ಲಾರಿ ಚಾಸಿ ಕುಯ್ದು ಮಾಡಿದ ಕಾಲು, ಯಾವ್ಯಾವುದೋ ಹಳೇ ಮೆಷಿನ್ನುಗಳಿಂದ ಬಿಚ್ಚಿದ ಮೋಟಾರು. ಕಂಪ್ಯೂಟರಿನಲ್ಲಿ ಎಳೆದ ಗೆರೆಯನ್ನೇ ಇದು ಮರದ ಮೇಲೆ ಕೊರೆದುಕೊಂಡು ಹೋಗುತ್ತದೆ ಅಂತ ಅಪ್ಪ ಮಗ ಇಬ್ಬರೂ ಊಟದ ತಟ್ಟೆಯಲ್ಲಿ ಸಾರಿನಿಂದ ಬಳ್ಳಿ ಬರೆದು ತೋರಿಸಿದ್ದಿರಿ. ಅನ್ನಕ್ಕೆ ಅವಮಾನ ಅಂತ ನಾನು ಬೈದಿದ್ದೆ. ಈಗ ಹಾಗೆ ಬೈಯೋಣ ಅಂದರೂ ಮನೆಯಲ್ಲಿ ಗಲಾಟೆ ಇಲ್ಲ. ಮೆಷಿನ್ನಿನ ಮೇಲೆ ಅಡ್ಡ ಕೂರಬೇಕಾದ ಕಬ್ಬಿಣದ ತೊಲೆ ನೆಲದ ಮೇಲೇ ಇದೆ. ಅದರ ಮೇಲಿನ ಕಲೆಯನ್ನು ನಾನೇ ಹುಣಸೆಹಣ್ಣು ಹಾಕಿ ಉಜ್ಜಿದೆ.

ಅವತ್ತು ನಾನು ಕಾಫಿ ಹಿಡಿದು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದೆ. ತೊಲೆ ಎತ್ತಿದ್ದ ರಾಟೆಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ನೀವು ಹಿಡಿದಿದ್ದಿರಿ. ವಿಶ್ವ ತೊಲೆಯ ಕೆಳಗೆ ಕೈಯಿಟ್ಟು ಬೋಲ್ಟಿನ ತೂತು ಸರಿ ಮಾಡುತ್ತಿದ್ದ. ನಿಮ್ಮ ಶಿವದಾರ ಕಿತ್ತು ಕೊರಳ ಲಿಂಗ ಜಾರಿದ್ದನ್ನು ನಾನೂ ನೋಡಿದೆ. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣ ಇಟ್ಟುಕೊಳ್ಳಬಾರದು ಅಂತ ನಮ್ಮಿಬ್ಬರನ್ನೂ ಹೇಳಿ ಬೆಳೆಸಿದ್ದರು. ನೀವು ಎರಡೂ ಕೈ ಚಾಚಿದಿರಿ. ಲಿಂಗ ಅಂಗೈಗೆ ಸಿಕ್ಕಿತು. ತೊಲೆ ಅವನ ಕೈ ಮೇಲೆ ಬಿತ್ತು.

ನಿಮ್ಮದು ತಪ್ಪು ಅಂತ ನಾನು ಅನ್ನುವುದಿಲ್ಲ. ಅದು ಯೋಚನೆ ಮಾಡಿ ಬಿಟ್ಟ ಹಗ್ಗ ಅಲ್ಲ, ಕೈ ತಾನೇ ಹೋಯಿತು. ನನ್ನ ಕೈಯೂ ಹಾಗೇ ಹೋಗುತ್ತಿತ್ತು. ಗಿರಿಜಾಂಬಾ ಚಿಕ್ಕಮ್ಮ ನೋಡಲು ಬಂದವರು, ನಿಮ್ಮ ಯಜಮಾನರು ಪುಣ್ಯವಂತರು ಕಣಮ್ಮ, ಲಿಂಗ ನೆಲ ಮುಟ್ಟಲಿಲ್ಲವಲ್ಲ ಅಂದರು. ಒಳಗೆ ಮಲಗಿದ್ದವನಿಗೂ ಕೇಳಿಸಿತು. ಅವರು ಹೋದ ಮೇಲೆ ತನ್ನ ಕೊರಳಿನದನ್ನು ಬಿಚ್ಚಿ ನನ್ನ ಮಡಿಲಿಗೆ ಇಟ್ಟ. "ಅಪ್ಪಾಜಿ ಅವರ ಲಿಂಗ ಉಳಿಸ್ಕೊಂಡ್ರು ಬುಡಮ್ಮ. ನನ್ನದನ್ನ ನಾನು ಯಾವ ಅಂಗೈ ಮೇಲೆ ಇಟ್ಕೊಂಡು ಪೂಜೆ ಮಾಡ್ಲಿ?" ಅಂದ. ಲಿಂಗಕ್ಕೆ ಎಡ ಅಂಗೈಯೇ ಪೀಠ ಅಂತ ಅವನಿಗೆ ಕಲಿಸಿದವಳು ನಾನೇ. ಅವನದನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ, ದಿನಾ ಒಂದು ಪತ್ರೆ ಏರಿಸುತ್ತೇನೆ. ಬೇಡ ಅಂತಲೂ ಅವನು ಅನ್ನುವುದಿಲ್ಲ.

ಆದರೆ ಮೆಷಿನ್ನು ಬಿಟ್ಟಿಲ್ಲ. ಯಾದವಗಿರಿಯ ಬಂಗಲೆಯವರು ನಮಗೆ ಒಪ್ಪಿಸಿದ್ದ ಬಾಗಿಲ ಕೆತ್ತನೆಯನ್ನು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲವಂತೆ. ಕಬ್ಬಿಣದ ತುಂಡನ್ನು ಮಂಡಿಗಳ ನಡುವೆ ಕಚ್ಚಿಸಿಕೊಂಡು ಬಲಗೈಲಿ ಅರ ಹಾಕುತ್ತಾನೆ. ಸ್ನೇಹಿತ ಸುಂದರೇಶ ಡ್ಯೂಟಿ ಮುಗಿಸಿ ಬಂದು ಜೊತೆಗೆ ಕೂರುತ್ತಾನೆ. ಮೊನ್ನೆ ಅವನು, "ಒಂಟಿ ಕೈ ಇಂಡಸ್ಟ್ರೀಸ್ ಅಂತ ಬೋರ್ಡ್ ಬರ್ಸೋಣ ಕಣೋ" ಅಂದ. ನಾನು ತಿರುಗಿ ವಿಶ್ವನ ಮುಖ ನೋಡಿದೆ. ವಿಶ್ವ ನಕ್ಕ. ಎಷ್ಟು ದಿನದ ಮೇಲೋ ನಕ್ಕ. ನಿಮ್ಮ ವಿಚಾರ ಮಾತ್ರ ಯಾರೂ ಎತ್ತುವುದಿಲ್ಲ. ನಿಮ್ಮ ಸ್ಪ್ಯಾನರುಗಳನ್ನು ಕೆಲಸ ಆದ ಮೇಲೆ ಒರೆಸಿ, ನೀವು ನೇತುಹಾಕುತ್ತಿದ್ದ ಮೊಳೆಗೇ ನೇತುಹಾಕುತ್ತಾನೆ. ಅಷ್ಟು ನಾನು ಕಂಡಿದ್ದೇನೆ.

ಅಯ್ಯನವರ ಪಾದಕ್ಕೆ ನನ್ನ ಶರಣಾರ್ಥಿ ತಿಳಿಸಿ. ಹೊತ್ತಿಗೆ ಸರಿಯಾಗಿ ಪ್ರಸಾದ ತೆಗೆದುಕೊಳ್ಳಿ. ಶಿವ ನಿಮ್ಮನ್ನು ಕಾಯಲಿ.

ನಿಮ್ಮ
ಪಾರ್ವತಮ್ಮ

ತಾ.ಕ.: ಬರುವ ಸೋಮವಾರ, ಕಡೇ ಕಾರ್ತಿಕ ಸೋಮವಾರ, ಬೆಳಿಗ್ಗೆ ತೊಲೆ ಏರಿಸುತ್ತಾರೆ. ತೊಲೆ ವಾಲದ ಹಾಗೆ ಸುಂದರೇಶ ಹಿಡಿಯಬೇಕು. ವಿಶ್ವ ಕೆಳಗೆ ಬಲಗೈ ಇಡಬೇಕು, ಇರುವುದು ಅದೊಂದೇ. ಹಗ್ಗಕ್ಕೆ ಆಳು ಕರೆಯೋಣ ಅಂದರೆ ಗುರುತಿಲ್ಲದವರ ಕೈಗೆ ಕೊಡುವುದಿಲ್ಲ ಅನ್ನುತ್ತಾನೆ. ನಾನು ಹಿಡಿಯುತ್ತೇನೆ ಅಂದಿದ್ದೇನೆ. ವಿಶ್ವ ಹುಟ್ಟಿದಾಗ ಹೆರಿಗೆ ನೋವಿನಲ್ಲೂ ಬಿಚ್ಚದ ನನ್ನ ಲಿಂಗವನ್ನು ಸೋಮವಾರ ಪೂಜೆ ಮುಗಿಸಿ ಬಿಚ್ಚಿ, ಗೂಡಿನಲ್ಲಿ ಅವನದರ ಪಕ್ಕ ಇಟ್ಟು ಶೆಡ್ಡಿಗೆ ಹೋಗುತ್ತೇನೆ. ಇದು ಸರಿಯೋ ತಪ್ಪೋ ಅಂತ ಅಯ್ಯನವರನ್ನು ಕೇಳಬೇಡಿ. ಹಗ್ಗ ನೀವೇ ಹಿಡಿಯುವುದಾದರೆ ಭಾನುವಾರ ಸಂಜೆ ಬಸ್ಸಿಗೆ ಬನ್ನಿ. ಆದರೆ ನಿಮ್ಮದನ್ನೂ ಬಿಚ್ಚಿ ಇಡಬೇಕು. ಗೂಡಿನಲ್ಲಿ ಮೂರಕ್ಕೂ ಜಾಗ ಮಾಡಿದ್ದೇನೆ.