ಪೊಚೀನ್‌ಗೆ ಬಿದ್ದ ದೀರ್ಘ

ಪ್ರೀತಿಯ ಅಜ್ಜನಿಗೆ,

ಹಾಸ್ಟೆಲಿನ ಕಿಟಕಿಗೆ ಮಂಜು ಕವಿದರೆ, ನೀವು ಕದ್ದು ಇಳಿಸುತ್ತಿದ್ದ ಭಟ್ಟಿಯ ಹೊಗೆಯೇ ಈ ಗಾಲ್ವೇ ನಗರದವರೆಗೆ ತೇಲಿಬಂದಂತೆ ಅನಿಸುತ್ತದೆ. ಈಗ ಅದೇ ಸಾರಾಯಿ ಲೈಸೆನ್ಸ್ ಪಡೆದು ನಿಮ್ಮ ಹೆಸರಲ್ಲಿ ಬಾಟಲಿಗೆ ಬರುತ್ತಿದೆ. ಲೇಬಲ್ ಬರೆದ ನಾನು ಅದರ ಐರಿಷ್ ಹೆಸರಾದ ‘ಪೊಚೀನ್’ಗೆ ದೀರ್ಘ ಕೊಟ್ಟು ‘ಪೋಚೀನ್’ ಮಾಡಿಬಿಟ್ಟೆ. ‘ಪುಟ್ಟ ಮಡಕೆ’ ಎಂಬ ಅರ್ಥ ಹೋಗಿ ‘ಕುಡಿದವನ ತಲೆನೋವು’ ಆಯಿತು.

“ಇಂಗ್ಲಿಷ್ ಅಪ್ಪನ ಮಗಳು ಕಣೇ ನೀನು!” ಎಂದು ನೋರೀನ್ ಚಿಕ್ಕಮ್ಮ ಫೋನಿನಲ್ಲಿ ಬಿದ್ದು ಬಿದ್ದು ನಕ್ಕರು. ನೀವು ಮಾತ್ರ ಮುನಿಸಿಕೊಂಡು, ಶನಿವಾರದ ಮೊದಲ ಭಟ್ಟಿಗೆ ಬರುವುದಿಲ್ಲ ಎಂದಿರಂತೆ.

ಲೇಬಲ್‌ಗಳನ್ನು ಮತ್ತೆ ಅಚ್ಚು ಹಾಕಿಸಿದ್ದೇನೆ. ದಯವಿಟ್ಟು ಬನ್ನಿ ಅಜ್ಜ. ಮೊದಲ ಹನಿಗಳನ್ನು ನೆಲಕ್ಕೆ ಚೆಲ್ಲಿ, ಗುಡ್ಡದೊಳಗಿನ ಮಾಯೆಯ ಜನರನ್ನು ಕರೆಯುವ ಕೆಲಸ, ನೀವಿಲ್ಲದಿದ್ದರೆ ನನ್ನದಂತೆ. ಇಂಗ್ಲಿಷಿನಲ್ಲಿ ಕರೆದರೆ ಅವರು ಬರುತ್ತಾರೆಯೇ?

ನಿಮ್ಮ ಮೊಮ್ಮಗಳು,
ಸೋರ್ಚಾ