ಕಂಬದ ಮುತ್ಯಾನಿಗೆ, ಸರ್ಟಿಫಿಕೇಟಿನ ತಕರಾರು ಕುರಿತು

ಶ್ರೀಮನ್ಮಹಾ ಸ್ತಂಭಾರೋಹಣ ಚಕ್ರವರ್ತಿ, ಅಕ್ಕಲಕೋಟ-ದುಧನಿ ಸಮಸ್ತ ತಂತಿಮಂಡಲಾಧೀಶ್ವರ, ಮೂಕ ದೂರವಾಣಿಗಳಿಗೆ ವಾಚಾಪ್ರದಾಯಕ, ಖಾಕಿ ಅಂಗಿಧಾರಿ, ಎಲೆಚಂಚಿ ಭೂಷಣ, ಕೀರ್ತಿಶೇಷ ಮುತ್ಯಾನವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಏಣಿ ಹಿಡಿಯಲಷ್ಟೇ ಯೋಗ್ಯನಾದ ಮೊಮ್ಮಗ ಬಸವರಾಜನು ಸೊಲ್ಲಾಪುರದಿಂದ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಉಸಿರು ಕಟ್ಟಿತು. ಇನ್ನು "ತಾವು" ಬಿಡುತ್ತೇನೆ ಮುತ್ಯಾ. ನೀನು ಹೋಗಿ ಎರಡು ವರ್ಷವಾದ ಮೇಲೆ ಈ ಕಾಗದ ಬರೆಯುತ್ತಿರುವುದು ಭಕ್ತಿಯಿಂದಲ್ಲ, ಸಿಟ್ಟಿನಿಂದ. ಮರಾಠಿಯಲ್ಲಿ ಬರೆದರೆ ಅಂಗಡಿಯವರೆಲ್ಲ ಓದುತ್ತಾರೆ. ಕನ್ನಡದಲ್ಲಿ ಬರೆದರೆ ಮೇಜಿನ ಮೇಲೆ ಬಿಟ್ಟು ಹೋದರೂ ಭಯವಿಲ್ಲ. ಮರಾಠಿ ಶಾಲೆಯ ನನಗೆ ನೀನು ಟೆಲಿಫೋನ್ ದೂರಿನ ಚೀಟಿಗಳ ಬೆನ್ನ ಮೇಲೆ ಅ ಆ ಇ ಈ ತಿದ್ದಿಸಿದೆಯಲ್ಲ, ಅದು ಇಂದು ಉಪಯೋಗಕ್ಕೆ ಬಂತು.

ನೆನಪಿದೆಯಾ, ಲೈನು ರಿಪೇರಿ ಮಾಡಿದ ಮೇಲೆ ಕಂಬದ ಮೇಲಿಂದಲೇ ನೀನು ಮನೆಗೆ ಫೋನ್ ಹಚ್ಚಿ ನೋಡುತ್ತಿದ್ದದ್ದು? "ಕೇಳಸ್ತದೇನು?" ಎಂದು ನೀನು. "ಕೇಳಸ್ತದ, ಉಣ್ಣಾಕ ಬರ್ರಿ" ಎಂದು ನಿನ್ನ ಹೆಂಡತಿ, ನಮ್ಮ ಆಯಿ. ಒಂದು ದಿನ ಆಯಿಗಿಂತ ಮೊದಲು ನಾನು ಫೋನ್ ಎತ್ತಿ, ಮೂಗು ಹಿಡಿದುಕೊಂಡು, ಎಕ್ಸ್‌ಚೇಂಜಿನ ಹೆಂಗಸಿನ ದನಿಯಲ್ಲಿ ಮರಾಠಿ ಉದುರಿಸಿದೆ: "ಹಾ ನಂಬರ್ ಅಸ್ತಿತ್ವಾತ್ ನಾಹೀ." ಈ ನಂಬರ್ ಅಸ್ತಿತ್ವದಲ್ಲೇ ಇಲ್ಲ! ನೀನು ಕಂಬದ ಮೇಲಿಂದ ಕೂಗಿದ್ದು ಫೋನಿಲ್ಲದೆಯೂ ಮನೆಗೆ ಕೇಳಿಸಿತ್ತು. "ಅಸ್ತಿತ್ವದಾಗ ಇಲ್ಲೇನಲೇ ಭಾಡ್ಯಾ? ಮನಿಗಿ ಬಂದು ತೋರಸ್ತೀನಿ ತಡಿ ನನ್ನ ಅಸ್ತಿತ್ವ!" ನೀನು ಹೋದ ಮೇಲೆ ಒಂದು ಸಲ, ಸುಮ್ಮನೆ, ನಿನ್ನ ಮೊಬೈಲಿಗೆ ಹಚ್ಚಿದ್ದೆ. ಆ ಹೆಂಗಸು ನನ್ನದೇ ವಾಕ್ಯವನ್ನು... ಇರಲಿ ಬಿಡು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಕೆಲಸ ಮಾಡುವ ಅಂಗಡಿ ನಿನಗೆ ಗೊತ್ತು. ಆಫೀಸು, ಲಾಡ್ಜು, ಟವೆಲ್ ಕಾರ್ಖಾನೆಗಳಿಗೆ ಕಂಪ್ಯೂಟರಿನ ತಂತಿ ಎಳೆಯುವುದು, ಕೆಟ್ಟರೆ ಸರಿ ಮಾಡುವುದು. ಮೂರು ವರ್ಷದಿಂದ ಸೊಲ್ಲಾಪುರದ ಎಷ್ಟು ಮಾಳಿಗೆಗಳ ಜೇಡರ ಬಲೆ ನನ್ನ ತಲೆಗೆ ಹತ್ತಿದೆಯೋ ಲೆಕ್ಕವಿಲ್ಲ. ನಾಲ್ಕು ತಿಂಗಳ ಹಿಂದೆ ನಿಖಿಲ್ ಎಂಬುವನು ಬಂದ. ನನಗಿಂತ ಒಂದು ವರ್ಷ ಚಿಕ್ಕವನು. ಆದರೆ ಅವನ ಹತ್ತಿರ ನೆಟ್‌ವರ್ಕಿಂಗಿನ ಸರ್ಟಿಫಿಕೇಟ್ ಇದೆ, ಆದ್ದರಿಂದ ಅವನು ನಿಖಿಲ್ ಸರ್. ಮಾಲಕರು ಆ ಕಾಗದಕ್ಕೆ ಕಟ್ಟು ಹಾಕಿಸಿ ದೇವರ ಫೋಟೊದ ಪಕ್ಕ ನೇತುಹಾಕಿದ್ದಾರೆ. ದಿನಾ ಬೆಳಿಗ್ಗೆ ಊದುಬತ್ತಿಯ ಹೊಗೆ ಇಬ್ಬರಿಗೂ ಸಮನಾಗಿ ಸಲ್ಲುತ್ತದೆ.

ಹದಿನೈದು ದಿನದ ಹಿಂದೆ ಮಾಲಕರು ಕರೆದರು. "ನೋಡೋ ಬಸ್ಯಾ, ಅಕ್ಕಲಕೋಟದ ಲಾಡ್ಜಿನವ್ರು ವರ್ಷದ ಕೆಲಸ ಕೊಡಾಕತ್ತಾರ. ಅವರಿಗಿ ಸರ್ಟಿಫಿಕೇಟ್ ಇದ್ದ ಮನಷ್ಯಾ ಪಾಯಿಜೇ, ಬೇಕೇ ಬೇಕು ಅಂತ. ತಿಂಗಳ ಕಡೀಗಿ ಪರೀಕ್ಷಾ ಕೊಟ್ಟು ಪಾಸ್ ಆದಿ, ಆ ಕೆಲಸ ನಿಂದು. ಇಲ್ಲಂದ್ರ ನಿಖಿಲ ಏಣಿ ಏರ್ತಾನ, ನೀ ಹಿಡಿ."

"ಮೂರು ವರ್ಸ ನಾನೇ ಏರೀನಲ್ರಿ ಮಾಲಕ?"

"ಏರೀದಿ, ಖರೆ ಅದ. ಕಾಗದ ಎಲ್ಲಿ ಅದ?"



ಪುಸ್ತಕ ತಂದೆ. ಮಡಿಸಿಟ್ಟ ಸೊಲ್ಲಾಪುರಿ ಚಾದರದಷ್ಟು ದಪ್ಪ, ಪೂರಾ ಇಂಗ್ಲಿಷ್. ಒಂದು ಕಂಪ್ಯೂಟರ್ ಇನ್ನೊಂದಕ್ಕೆ "ಇದ್ದೀಯಾ?" ಎಂದು ಕೇಳಿ, "ಇದ್ದೇನೆ" ಎಂಬ ಉತ್ತರಕ್ಕೆ ಕಾಯುತ್ತದಂತೆ. ಅದಕ್ಕೆ ಪಿಂಗ್ ಎಂದು ಹೆಸರು. ಅದಕ್ಕೇ ಪುಟಗಟ್ಟಲೆ ವಿವರಣೆ. ಆಯಿ ಅದನ್ನು ಅನ್ನ ಬಸಿಯುತ್ತಲೇ ಮುಗಿಸುತ್ತಿದ್ದಳು, ಜೊತೆಗೆ ಊಟಕ್ಕೂ ಕರೆಯುತ್ತಿದ್ದಳು. ಪರೀಕ್ಷೆಯಲ್ಲಿ ಯಾರೂ ನನ್ನ ಕೈಗೆ ಒಂದು ತಂತಿ ಕೊಟ್ಟು "ಕಟ್ಟು ನೋಡೋಣ" ಅನ್ನುವುದಿಲ್ಲ. ನಾಲ್ಕು ಉತ್ತರ ಕೊಟ್ಟು, ಮೂರು ಸರಿಯಿದ್ದರೂ ಅವುಗಳಲ್ಲಿ "ಅತ್ಯುತ್ತಮ" ಯಾವುದು ಎಂದು ಕೇಳುತ್ತಾರೆ. ಗೆಳೆಯರನ್ನು ಕೇಳಿದರೆ ಒಬ್ಬ, ಆ ಸರ್ಟಿಫಿಕೇಟಿಲ್ಲದೆ ಯಾರೂ ಒಳಗೇ ಬಿಟ್ಟುಕೊಳ್ಳುವುದಿಲ್ಲ ಅನ್ನುತ್ತಾನೆ. ಇನ್ನೊಬ್ಬ, ಅದು ಬರೀ ಗೇಟು ತೆಗೆಯುತ್ತದೆ, ಕುರ್ಚಿ ಕೊಡುವುದಿಲ್ಲ, ನೇರ ಅದರ ಮೇಲಿನದೇ ಮಾಡು ಅನ್ನುತ್ತಾನೆ. ಮತ್ತೆ ಅದರ ಆಯಸ್ಸು ಮೂರೇ ವರ್ಷ, ಆಮೇಲೆ ಹೊಸದಾಗಿ ಮಾಡಿಸಬೇಕು. ಮುತ್ಯಾ, ನಗರಪಾಲಿಕೆಯವರು ನಿನ್ನ ಹೆಸರಿಗೆ ಕೊಟ್ಟ ಕೊನೆಯ ಸರ್ಟಿಫಿಕೇಟಿಗೆ ಅವಧಿಯೇ ಇಲ್ಲ. ಸತ್ತವರ ಕಾಗದ ಶಾಶ್ವತ, ಬದುಕಿ ದುಡಿಯುವವನದು ಮೂರು ವರ್ಷ. ಇದ್ಯಾವ ನ್ಯಾಯ?

ನಾನು ವಾದ ಮಾಡುವಾಗೆಲ್ಲ ನಿನ್ನನ್ನೇ ಮುಂದೆ ಮಾಡುತ್ತಿದ್ದೆ. ನಮ್ಮ ಮುತ್ಯಾ ಇಲಾಖೆಯ ಪರೀಕ್ಷೆ ಕೊಡಲೇ ಇಲ್ಲ, "ನನ್ನ ಕೈನೇ ನನ್ನ ಸರ್ಟಿಫಿಕೇಟ್" ಅಂದ, ನಿವೃತ್ತಿಯವರೆಗೂ ಅವನ ಸಮ ಯಾರಿದ್ದರು ಎಂದು. ಆದರೆ ಒಂದು ಮಾತು ಯಾರಿಗೂ ಹೇಳಿಲ್ಲ. ಒಂದು ಮಧ್ಯಾಹ್ನ ಎಕ್ಸ್‌ಚೇಂಜಿಗೆ ನಿನ್ನ ಊಟದ ಡಬ್ಬಿ ಕೊಡಲು ಬಂದಾಗ ನೋಡಿದ್ದೆ. ಅದೇ ಇಲಾಖೆಯ ಪರೀಕ್ಷೆ ಪಾಸಾದ, ಮೀಸೆ ಸರಿಯಾಗಿ ಮೂಡದ ಹೊಸ ಇನ್‌ಸ್ಪೆಕ್ಟರ್ ಒಳಗೆ ಬಂದ, ನೀನು ಸ್ಟೂಲಿನಿಂದ ಎದ್ದು ನಿಂತೆ, ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ. ಅವನು ಹೋದ ಮೇಲೆ "ಯಾಕ ಎದ್ದಿ ಮುತ್ಯಾ?" ಎಂದು ಕೇಳಿದೆ. "ಸ್ಟೂಲ್ ಸಣ್ಣದದ, ಕುಂಡಿ ನೋಯ್ತದ" ಅಂದೆ ನೀನು. ನಾನು ನಕ್ಕೆ. ನೀನು ನಗಲಿಲ್ಲ. ಅಂದು ನೀನು ನಿಜವಾಗಿ...

ಇನ್ನು ಹೋದ ಗುರುವಾರದ ಅನ್ಯಾಯ ಕೇಳು. ಗುರುವಾರ ಅಂದರೆ ಸ್ವಾಮಿಗಳ ದರ್ಶನಕ್ಕೆ ಬಂದ ಭಕ್ತರಿಂದ ಅಕ್ಕಲಕೋಟದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೇ ಲಾಡ್ಜಿನ ಪ್ರಿಂಟರ್ ಕೆಟ್ಟಿದೆ ಎಂದು ಬೆಳಿಗ್ಗೆಯೇ ನನ್ನನ್ನು ಕಳಿಸಿದ್ದರು. ಪ್ರಿಂಟರ್ ಸರಿ ಮಾಡಿ ಚಹಾ ಕುಡಿದು ಬರುವಷ್ಟರಲ್ಲಿ ಕೌಂಟರಿನ ನಾಲ್ಕೂ ಕಂಪ್ಯೂಟರುಗಳು ಕಲ್ಲಾಗಿದ್ದವು. ಕೋಣೆ ಕೊಡುವಂತಿಲ್ಲ, ರಸೀತಿ ಹೊಡೆಯುವಂತಿಲ್ಲ, ಸಾಲು ರಸ್ತೆಗೆ ಇಳಿದಿತ್ತು. ಕೌಂಟರಿನ ಸುರೇಖಾ ಅಕ್ಕ ಜನರಿಗೆ "ಥಾಂಬಾ, ಥಾಂಬಾ!" ಎಂದು ಕೈ ಅಡ್ಡ ಮಾಡುತ್ತಾ ನನ್ನ ಕಡೆ ತಿರುಗಿದಳು. "ಏನ್ ಮಾಡಿದೆಪ್ಪಾ ಬಸು? ಮಂದಿ ನನ್ನ ಮುರದು ತಿಂತಾರ!"

"ನಾ ಏನ್ ಮಾಡೀನ್ರಿ ಅಕ್ಕ? ಪ್ರಿಂಟರ್ ಮುಟ್ಟೀನಿ ಅಷ್ಟ."

ಒಂದು ತಾಸಿಗೆ ಸೊಲ್ಲಾಪುರದಿಂದ ನಿಖಿಲ್ ಸರ್ ಬಂದ. ಲಾಡ್ಜಿನ ತಂತಿಗಳೆಲ್ಲ ಬಂದು ಸೇರುವ ಎರಡನೇ ಮಹಡಿಯ ದೊಡ್ಡ ಡಬ್ಬಿಯ ಮುಂದೆ ಕೂತು, ಕೋಳಿ ಪುಕ್ಕ ತರಿಯುವವನ ಹಾಗೆ ಒಂದೊಂದೇ ತಂತಿ ಕಿತ್ತು ನೋಡತೊಡಗಿದ. "ಎಲ್ಲೋ ಲೂಪ್ ಆಗ್ಯದ ಬಸವರಾಜ. ಒಂದು ತಂತಿ ಸುತ್ತು ಹಾಕಿ ಬಂದ ಕಡಿಗೇ ಬಂದದ. ಕೆಳಗ ಯಾರರ ಏನರ ಚುಚ್ಚ್ಯಾರೇನು?"

ನಾನು ಕೈಮುಗಿದು, ಅತ್ಯಂತ ಗಂಭೀರವಾಗಿ ಹೇಳಿದೆ: "ಇವತ್ತ ಗುರುವಾರ ಅದಲ್ರಿ ಸರ್, ಪ್ರದಕ್ಷಿಣಾ ಹಾಕಾಕತ್ತಿರಬೇಕು." ಲಾಡ್ಜಿನ ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ಕೆಳಗಿಳಿದು, ಕೌಂಟರಿನ ಅಡಿ ತೂರಿ, ಅಲ್ಲಿನ ಸಣ್ಣ ಡಬ್ಬಿಯಿಂದ ಒಂದೇ ಒಂದು ತಂತಿ ಎಳೆದೆ. ಎಲ್ಲ ಶುರುವಾಯಿತು. ಒಟ್ಟು ಐದು ನಿಮಿಷ! ಮ್ಯಾನೇಜರು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟದ್ದು ಯಾರಿಗೆ? ನಿಖಿಲ್ ಸರ್‌ಗೆ. ಅವನ ಚೀಲದಲ್ಲಿ ಜಾಗವಿರಲಿಲ್ಲವಾದ್ದರಿಂದ ಆ ಕಾಯಿ ಎಸ್.ಟಿ. ಬಸ್ಸಿನಲ್ಲಿ ಸೊಲ್ಲಾಪುರದವರೆಗೆ ನನ್ನ ತೊಡೆಯ ಮೇಲೆ ಕೂತು ಬಂತು. ಸರ್ಟಿಫಿಕೇಟಿಲ್ಲದ ನಾನು ಹುಡುಕಿದ್ದನ್ನು ಸರ್ಟಿಫಿಕೇಟ್ ಇದ್ದವನು ಹುಡುಕಲಾರದೆ ಹೋದ ಮೇಲೆ, ಆ ಕಾಗದ ಯಾಕೆ ಬೇಕು ಎಂದು ಎರಡು ದಿನ ಅಂಗಡಿಯಲ್ಲಿ ಎಲ್ಲರ ತಲೆ ತಿಂದೆ.

ನಾನು ನಿನ್ನ ಸೈಕಲ್ ತಳ್ಳಿಕೊಂಡು ದುಧನಿ ರಸ್ತೆಯಲ್ಲಿ ಹಿಂದೆ ಹಿಂದೆ ಬರುತ್ತಿದ್ದೆನಲ್ಲ, ಆಗ ನೀನು ಒಂದು ಮಾತು ಹೇಳುತ್ತಿದ್ದೆ. "ತಂತಿ ಎಲ್ಲಿಂದ ಬಂತು, ಎಲ್ಲಿಗಿ ಹೋತು, ಎರಡೂ ತುದಿ ಕಣ್ಣೀಲೆ ನೋಡು. ಆಮ್ಯಾಲ ಕೈ ಹಚ್ಚು." ಬಿಸಿಲಲ್ಲಿ ಅಷ್ಟು ದೂರ ನಡೆಸುವುದಕ್ಕೆ ಇದೊಂದು ನೆಪ ಅಂದುಕೊಂಡಿದ್ದೆ. ಭಾನುವಾರ ಪುಸ್ತಕದ ಎಂಟನೇ ಅಧ್ಯಾಯಕ್ಕೆ ಬಂದೆ. ಅದರಲ್ಲಿ ಒಂದು ಚಿತ್ರವಿದೆ, ಒಂದು ಡಬ್ಬಿ, ಒಂದು ತಂತಿ, ಅಡಿಯಲ್ಲಿ "ಲೂಪ್" ಎಂದು ಹೆಸರು. ಆ ಪುಟದ ಮೂಲೆ ಮಡಿಸಿಟ್ಟೆ.

ನಿನಗೆ ಗೊತ್ತಿಲ್ಲದ ಸುದ್ದಿ ಇದು: ಇಂದು ಮಧ್ಯಾಹ್ನ ಪರೀಕ್ಷೆಯ ಫಾರ್ಮ್ ತುಂಬಿದೆ. ಬರುವ ಶನಿವಾರ. ಪಾಸಾದರೆ ಕಾಗದವನ್ನು ಮಾಲಕರ ಊದುಬತ್ತಿಗೆ ಒಪ್ಪಿಸುವುದಿಲ್ಲ. ನಿನ್ನ ಕರಿಯ ಡಬ್ಬಾ ಫೋನಿನ ಮೇಲೆ ಆಯಿ ಇನ್ನೂ ಕಸೂತಿ ಬಟ್ಟೆ ಹೊದಿಸಿಟ್ಟಿದ್ದಾಳೆ, ಅದರ ಅಡಿ ಇಡುತ್ತೇನೆ. ಆ ಹೊಸ ಇನ್‌ಸ್ಪೆಕ್ಟರ್ ಬಂದರೆ ನೀನು ಕೂತೇ ಇರು.

ಮತ್ತೆ ಒಂದು ಸಣ್ಣ ಮಾತು, ಮುತ್ಯಾ. ಗುರುವಾರ ಬೆಳಿಗ್ಗೆ ಚಹಾಕ್ಕೆ ಹೋಗುವ ಮುಂಚೆ ಕೌಂಟರಿನ ಅಡಿ ಒಂದು ತಂತಿಯ ತುದಿ ಅನಾಥವಾಗಿ ಬಿದ್ದಿತ್ತು. ಪಾಪ ಅನ್ನಿಸಿ, ಹತ್ತಿರವಿದ್ದ ಡಬ್ಬಿಗೆ ಚುಚ್ಚಿದೆ. ಅದರ ಇನ್ನೊಂದು ತುದಿ ಅದೇ ಡಬ್ಬಿಯಲ್ಲೇ ಇತ್ತು, ನಾನು ನೋಡಿರಲಿಲ್ಲ. ಐದು ನಿಮಿಷಕ್ಕೆ ಹುಡುಕಿದ್ದು ಅದಕ್ಕೇ. ನಿಖಿಲ್ ಸರ್ ಆ ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡೂ ತುದಿ ನೋಡಿದ, ನನ್ನನ್ನೂ ನೋಡಿದ, ಸುರುಳಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ತೆಂಗಿನಕಾಯಿಗೆ ಜಾಗವಿಲ್ಲದೆ ಹೋದದ್ದು ಅದರಿಂದಲೇ.