ನನ್ನ ಅಕ್ಕನ ದಾರಿಗೆ ಅವಳದೇ ನಗುವನ್ನು ನೆಟ್ಟವರಿಗೆ

ನಗರಾಡಳಿತದ ಮಾನ್ಯ ಮುಖ್ಯಸ್ಥರೇ,

‘ಊರು ಬೆಳೆದಂತೆ ಬಾಗಿಲು ಅಗಲವಾಗಲಿ’ ಎಂಬ ಸಾಲೊಂದು ಅರೆಬರೆ ನೆನಪಿದೆ. ಎಲ್ಲಿ ಓದಿದೆನೋ, ಮುಂದೇನಿತ್ತೋ ಮರೆತಿದೆ. ಬರೆದವರು ಹಾರೈಸಿದ್ದರೋ ಅಣಕಿಸಿದ್ದರೋ ಎಂಬುದೇ ಈಗ ನನ್ನ ಅನುಮಾನ. ಏಕೆಂದರೆ ತಾವು ನಗರವನ್ನು ಬೆಳೆಸಿದ್ದೀರಿ. ನನ್ನ ಅಕ್ಕ ಮಾತ್ರ ಒಂದು ತಿಂಗಳಿಂದ ರಸ್ತೆಗಿಳಿದಿಲ್ಲ.

ಅಕ್ಕ ಗಾಲಿಕುರ್ಚಿಯಲ್ಲಿ ಓಡಾಡುವವಳು. ಬೀದಿಯ ತುದಿಯಲ್ಲಿ, ರಸ್ತೆಯ ಆಚೆ ಬದಿಗಿರುವ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಾಳೆ. ಬೀದಿಗೆ ಏನೂ ಸೌಕರ್ಯವಿಲ್ಲದ ಕಾಲದಲ್ಲಿ ಬಾಗಿಲಿನಿಂದ ನೇರ ರಸ್ತೆಗಿಳಿದು, ಲಾರಿಯವರನ್ನು ಬೈಯುತ್ತಾ ಕೆಲಸಕ್ಕೆ ಹೋಗಿಬರುತ್ತಿದ್ದಳು. ಆಮೇಲೆ ತಮಗೆ ಕರುಣೆ ಉಕ್ಕಿತು. ಮೊಣಕಾಲೆತ್ತರದ ಫುಟ್‌ಪಾತ್ ಬಂತು, ಅದರ ಅಂಚಿಗೆ ಕಬ್ಬಿಣದ ಬೇಲಿ ಬಂತು, ಇಳಿಯಲು ಒಂದೇ ಒಂದು ಇಳಿಜಾರು ಬಂತು. ಉದ್ಘಾಟನೆಯ ದಿನ ತಾವೇ ಕುರ್ಚಿ ತಳ್ಳಿದಿರಿ. “ಅಮ್ಮಾ, ಸ್ವಲ್ಪ ನಗಿ” ಎಂದರು ಫೋಟೋದವರು. ಅಕ್ಕ ನಿಜವಾಗಿಯೇ ನಕ್ಕಳು.

ಆ ನಗುವನ್ನು ತಾವು ಹಾಳುಮಾಡಲಿಲ್ಲ. ‘ಎಲ್ಲರನ್ನೂ ಒಳಗೊಂಡ ಹಸಿರು ನಗರ’ ಎಂದು ದೊಡ್ಡ ಬೋರ್ಡು ಮಾಡಿಸಿದಿರಿ. ಅದರಲ್ಲಿ ಅಕ್ಕ, ಅವಳ ಹಿಂದೆ ತಾವು. ಬೋರ್ಡಿನ ಕಂಬವನ್ನು ನೆಟ್ಟದ್ದೆಲ್ಲಿ? ಅದೇ ಇಳಿಜಾರಿನ ಬುಡದಲ್ಲಿ, ಸರಿಯಾಗಿ ನಡುಮಧ್ಯೆ. ಪಕ್ಕದಲ್ಲಿ ಬೆಕ್ಕು ನುಸುಳೀತು, ಗಾಲಿಕುರ್ಚಿ ನುಸುಳದು. ಸಂಜೆಯಾದರೆ ಸೌರದೀಪ ಹೊತ್ತಿಕೊಂಡು ಅಕ್ಕನ ನಗು ಅಕ್ಕನ ಕಿಟಕಿಗೇ ಬೀಳುತ್ತದೆ. ಇಷ್ಟು ಸೂಕ್ಷ್ಮವಾದ ಕ್ರೌರ್ಯವನ್ನು ಯಾವ ಸಮಿತಿ ಕುಳಿತು ಯೋಚಿಸಿತು?

ಕಚೇರಿಗೆ ಬಂದೆ. “ಇಳಿಜಾರು ನಮ್ದು ಮೇಡಂ, ಬೋರ್ಡು ಪ್ರಚಾರದವರದ್ದು” ಎಂದರು ಎಂಜಿನಿಯರು. ಪ್ರಚಾರದವರು ಇನ್ನೂ ವಿನಯವಂತರು. “ಸ್ವಲ್ಪ ಆಚೆ ಹಾಕಿದ್ರೆ ಮರದ ಕೊಂಬೆಗೆ ಸಾಹೇಬ್ರ ಮುಖ ಮುಚ್ಚೋಗುತ್ತೆ. ಕೊಂಬೆ ಕಡಿಯೋಣ ಅಂದ್ರೆ ಹಸಿರು ನಗರ ಅಲ್ವಾ ಮೇಡಂ? ನೀವೇ ನಾಲ್ಕು ಜನ ಸೇರಿ ಅವರನ್ನ ಎತ್ತಿ ಇಳಿಸ್ಕೊಳ್ಳಿ.”

ಈ ಸಲಹೆಯನ್ನು ಅಕ್ಕನಿಗೆ ಮುಟ್ಟಿಸಿದೆ. “ನಾನೇನು ಗ್ಯಾಸ್ ಸಿಲಿಂಡರಾ?” ಎಂದಳು. ಭಾನುವಾರ ಕಳೆದರೆ ಅವಳ ಜಾಗಕ್ಕೆ ಬೇರೆಯವರನ್ನು ಕೂರಿಸುವುದಾಗಿ ಅಂಗಡಿಯ ಯಜಮಾನರು ಹೇಳಿಕಳುಹಿಸಿದ್ದಾರೆ.

ಕ್ಷಮೆಯ ಕುರಿತ ಕವಿತೆಗಳನ್ನು ಬಾಯಿಪಾಠ ಮಾಡಿದವಳು ನಾನು. ಒಂದೂ ಈಗ ಕೆಲಸಕ್ಕೆ ಬರುತ್ತಿಲ್ಲ. ಬದಲಿಗೆ, ತಾವು ನಿವೃತ್ತರಾಗಿ, ಮಂಡಿ ಸೋತು, ತಾವೇ ಕಟ್ಟಿಸಿದ ಮೆಟ್ಟಿಲ ಕೆಳಗೆ ನಿಂತು ಕೈಹಿಡಿಯುವವರಿಗಾಗಿ ಕತ್ತು ಉದ್ದ ಮಾಡುವ ದಿನವನ್ನು ಕಲ್ಪಿಸಿಕೊಳ್ಳುತ್ತೇನೆ. ಬಹಳ ಹಿತವೆನಿಸುತ್ತದೆ. ಆ ದಿನ ನಾನು ಅದೇ ದಾರಿಯಲ್ಲಿ ಬರುತ್ತೇನೆ. “ಸ್ವಲ್ಪ ನಗಿ” ಎಂದು ಹೇಳಿ ಮುಂದೆ ಹೋಗುತ್ತೇನೆ.

ಶನಿವಾರದೊಳಗೆ ಕಂಬ ಕೀಳಿಸಿ. ತಾವೇ ಬಂದು, ಬೀದಿಯವರೆಲ್ಲರ ಎದುರು ನಿಂತು ಕೀಳಿಸಬೇಕು. ಇಲ್ಲವಾದರೆ ಶ್ರಮ ನಮ್ಮದು, ಅವಮಾನ ತಮ್ಮದು.

ಇಂತಿ,
ತಮ್ಮ ಬೋರ್ಡಿನಲ್ಲಿ ಇನ್ನೂ ನಗುತ್ತಿರುವವಳ,
ನಗು ಮರೆತ ತಂಗಿ

ಮರೆತ ಮಾತು: ಇದನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಪಕ್ಕದ ಮನೆಯ ವೆಲ್ಡರ್ ಕೇಳಿಸಿಕೊಂಡು ಬಾಗಿಲಿಗೆ ಬಂದು ನಿಂತ. “ಶನಿವಾರದ ತನಕ ಯಾಕಕ್ಕಾ ಕಾಯೋದು? ಕಟರ್ ತಂದಿದೀನಿ. ಬೋರ್ಡು ಯಾವ ಕಡೆ ಬೀಳ್ಬೇಕು, ಅಷ್ಟು ಹೇಳಿ ಸಾಕು.”